ಕಡಿಮೆ ಓಡಿದ 1.0 ಲೀಟರ್ ಟರ್ಬೊ ಪೆಟ್ರೋಲ್ ಕಾರು ಕೊಳ್ಳಬಹುದೇ? ಟರ್ಬೊ ಬಾಳಿಕೆ ಬರುತ್ತದೆಯೇ?

ಐದು ವರ್ಷದ ಕಾರು, ಓಡಿರುವುದು 18,000 ಕಿಲೋಮೀಟರ್, ನಿಮ್ಮ ಓಡಾಟವೂ ದಿನಕ್ಕೆ ನಾಲ್ಕೈದು ಕಿಲೋಮೀಟರ್ ಅಷ್ಟೇ, ಹಾಗಾಗಿ ಟರ್ಬೊಗೆ (ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ) ಏನೂ ಆಗಲಿಕ್ಕಿಲ್ಲ ಅಲ್ಲವೇ ಎಂದು ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿ ಇಂಥದ್ದೇ ಕಾರು ಕೊಂಡವನು. ನೀವು ಧೈರ್ಯಕ್ಕೆಂದು ಕೊಟ್ಟಿರುವ ಎರಡು ಕಾರಣಗಳೇ ನನಗೆ ಈಗ ಭಯ ಹುಟ್ಟಿಸುತ್ತವೆ.

ನನ್ನದು ಮೂರು ಸಿಲಿಂಡರಿನ, ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರ ಸಿಲಿಂಡರಿನೊಳಕ್ಕೆ ಚಿಮ್ಮುವ) ಎಂಜಿನ್. ಟೈಮಿಂಗ್ ಬೆಲ್ಟ್ (ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ರಬ್ಬರ್ ಪಟ್ಟಿ) ಹೊರಗಿಲ್ಲ, ಎಂಜಿನ್ ಒಳಗೇ ಆಯಿಲ್‌ನಲ್ಲಿ ನೆನೆಯುತ್ತಾ ತಿರುಗುವ ಬಗೆಯದು. ಓಡಿಸಲು ಬಹಳ ಸೊಗಸು. 1,500 ಆರ್‌ಪಿಎಂ ದಾಟಿದರೆ ಸಾಕು, ದೊಡ್ಡ ಎಂಜಿನ್ನಿನ ಹಾಗೆ ಎಳೆಯುತ್ತಿತ್ತು. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ. ಎಂಜಿನ್ ಬಿಸಿಯಾಗುವ ಹೊತ್ತಿಗೆ ಆಫ್ ಮಾಡುವ ಜಾಗ ಬಂದಿರುತ್ತಿತ್ತು.

ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಎಳೆದು ನೋಡುವ ಅಭ್ಯಾಸ ನನಗೆ ಮೊದಲಿನಿಂದಲೂ ಇತ್ತು. ನೋಡಿದಾಗಲೆಲ್ಲ ಆಯಿಲ್ ಮೇಲಿನ ಗೆರೆಯಲ್ಲೇ ಇರುತ್ತಿತ್ತು, ಕೊನೆಕೊನೆಗೆ ಗೆರೆಗಿಂತ ಸ್ವಲ್ಪ ಮೇಲೆಯೇ. ಎಂಜಿನ್ ಆಯಿಲ್ ಕುಡಿಯುತ್ತಿಲ್ಲ, ಗಟ್ಟಿಯಾಗಿದೆ ಎಂದುಕೊಂಡು, ಕಿಲೋಮೀಟರ್ ಇನ್ನೂ ಆಗಿಲ್ಲವಲ್ಲ ಎಂದು ಆಯಿಲ್ ಚೇಂಜ್ ಮುಂದಕ್ಕೆ ಹಾಕಿದೆ. ನನಗೆ ದುಬಾರಿಯಾದ ತಪ್ಪು ಇದೇ. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಡಿಪ್‌ಸ್ಟಿಕ್ ನೋಡುವ ಜಾಗರೂಕರೂ ಇಲ್ಲೇ ಎಡವುತ್ತಾರೆ.

ಆಯಿಲ್ ತಾನಾಗಿ ಹೆಚ್ಚುವ ವಸ್ತುವಲ್ಲ. ಮಟ್ಟ ಏರಿದೆ ಎಂದರೆ ಅದರೊಳಗೆ ಬೇರೇನೋ ಬಂದು ಸೇರುತ್ತಿದೆ. ನನ್ನ ಎಂಜಿನ್ನಿನಲ್ಲಿ ಸೇರುತ್ತಿದ್ದದ್ದು ಪೆಟ್ರೋಲ್. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಎಂಜಿನ್ ಬೇಕಾದದ್ದಕ್ಕಿಂತ ಹೆಚ್ಚು ಪೆಟ್ರೋಲ್ ತೆಗೆದುಕೊಳ್ಳುತ್ತದೆ. ಡೈರೆಕ್ಟ್ ಇಂಜೆಕ್ಷನ್ನಿನಲ್ಲಿ ಅದು ನೇರ ಸಿಲಿಂಡರಿನೊಳಕ್ಕೇ ಚಿಮ್ಮುವುದರಿಂದ, ಆವಿಯಾಗದೆ ಉಳಿದ ಪಾಲು ತಣ್ಣನೆಯ ಗೋಡೆಗೆ ಅಂಟಿ, ಪಿಸ್ಟನ್ ರಿಂಗ್ ಸಂದಿನಿಂದ ಜಾರಿ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಅಂದರೆ ಸಂಪ್‌ಗೆ, ಇಳಿಯುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಈ ಪೆಟ್ರೋಲ್ ಮತ್ತೆ ಆವಿಯಾಗಿ, ಪಿಸಿವಿ (ಎಂಜಿನ್ ಒಳಗಿನ ಆವಿಯನ್ನು ಹೊರಗೆಳೆಯುವ ವಾಲ್ವ್) ಮೂಲಕ ಇನ್‌ಟೇಕ್‌ಗೆ, ಅಂದರೆ ಗಾಳಿ ಒಳಬರುವ ದಾರಿಗೆ, ಹೋಗಿ ಸುಟ್ಟುಹೋಗುತ್ತದೆ. ಆದರೆ ಕಾಯಲು ಸಮಯ ಬೇಕು. ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವುದು ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಬಿಸಿಯನ್ನು. ಅದು ನಡುವಿಗೆ ಬಂದ ಎಷ್ಟೋ ಹೊತ್ತಿನ ಮೇಲೆ ಆಯಿಲ್ ಸರಿಯಾಗಿ ಕಾಯುತ್ತದೆ. ನಾಲ್ಕೈದು ಕಿಲೋಮೀಟರಿನ ಓಡಾಟದಲ್ಲಿ ಅದು ಆಗುವುದೇ ಇಲ್ಲ. ಹಾಗಾಗಿ ಪ್ರತಿ ಸ್ಟಾರ್ಟಿಗೂ ಪೆಟ್ರೋಲ್ ಇಳಿಯುತ್ತದೆ, ಹೊರಗೆ ಹೋಗುವುದಿಲ್ಲ. ನಾನು ಆರೋಗ್ಯ ಎಂದುಕೊಂಡ ಆ ಮೇಲಿನ ಗೆರೆ ಆಯಿಲ್ ತೆಳ್ಳಗಾಗುತ್ತಿದ್ದುದರ ಗುರುತು. ಒಂದು ಸಲ ಮೂಸಿ ನೋಡಿದ್ದರೂ ಗೊತ್ತಾಗುತ್ತಿತ್ತು. ಕೈಪಿಡಿಯಲ್ಲಿ ‘15,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂದು ಬರೆದಿತ್ತು. ಆ ‘ಒಂದು ವರ್ಷ’ ಇರುವುದೇ ನಮ್ಮಂಥ ಓಡಾಟದವರಿಗಾಗಿ.

ಮುಂದಿನದು ಸರಪಳಿಯಾಗಿ ಬಂತು. ಪೆಟ್ರೋಲ್ ಬೆರೆತ ಆಯಿಲ್‌ನಲ್ಲಿ ನೆಂದ ರಬ್ಬರ್ ಬೆಲ್ಟ್ ಉಬ್ಬಿತು, ಅಂಚು ಬಿರಿಯಿತು, ಚೂರುಚೂರಾಗಿ ಉದುರಿತು. ಆ ಚೂರುಗಳು ಸಂಪ್‌ನಲ್ಲಿ ಆಯಿಲ್ ಪಂಪ್ ಹೀರುವ ಕೊಳವೆಯ ಜಾಲರಿಗೆ ಹೋಗಿ ಮೆತ್ತಿಕೊಂಡವು. ಬಿಸಿ ಎಂಜಿನ್ ಐಡ್ಲಿಂಗಿನಲ್ಲಿದ್ದಾಗ ಆಯಿಲ್ ಪ್ರೆಷರಿನ ಕೆಂಪು ದೀಪ ಮಿನುಗತೊಡಗಿತು, ಆಕ್ಸಿಲರೇಟರ್ ಒತ್ತಿದರೆ ಆರುತ್ತಿತ್ತು. ಸೆನ್ಸರ್ ಕೆಟ್ಟಿರಬೇಕು ಎಂದರು ಗ್ಯಾರೇಜಿನವರು. ಸೆನ್ಸರ್ ಹೊಸದಾಯಿತು. ಆಮೇಲೆ ಸೈರನ್ನಿನಂಥ ಸದ್ದು, ಸೈಲೆನ್ಸರಿನಿಂದ ನೀಲಿ ಹೊಗೆ. ಟರ್ಬೊ ಹೋಯಿತು.

ಇಂಥ ಚಿಕ್ಕ ಟರ್ಬೊದ ಶಾಫ್ಟ್ ನಿಮಿಷಕ್ಕೆ 2 ಲಕ್ಷ ಸುತ್ತು ಕೂಡ ತಿರುಗಬಲ್ಲದು. ಒಂದು ತುದಿಗೆ 900 ಡಿಗ್ರಿ ಸೆಲ್ಸಿಯಸ್ ದಾಟಬಲ್ಲ ಹೊಗೆ ಬಡಿಯುತ್ತದೆ, ಇನ್ನೊಂದು ತುದಿ ಗಾಳಿ ಒತ್ತುತ್ತದೆ. ನಡುವೆ ಶಾಫ್ಟನ್ನು ಬೇರಿಂಗಿಗೆ ತಾಗದಂತೆ ತೇಲಿಸುವುದು ಆಯಿಲಿನ ತೆಳು ಪದರ ಮಾತ್ರ. ಆ ಪದರ ತೆಳ್ಳಗಾದರೆ ಅಥವಾ ಕಡಿದರೆ ಯಾವ ಕಂಪನಿಯ ಟರ್ಬೊ ಆದರೂ ಅಷ್ಟೇ. ನನ್ನ ಕಾರಿಗೆ ಹಾಕಿದ ಹೊಸ ಟರ್ಬೊ ಕೂಡ ಬಹಳ ಬೇಗ ಅದೇ ಸದ್ದು ಶುರುಮಾಡಿತು, ಏಕೆಂದರೆ ಜಾಲರಿಯನ್ನು ಯಾರೂ ನೋಡಿರಲಿಲ್ಲ. ಬೇರೊಬ್ಬ ಮೆಕ್ಯಾನಿಕ್ ಸಂಪ್ ಇಳಿಸಿ ತೋರಿಸಿದ ಮೇಲೆಯೇ ನನಗೆ ಅರ್ಥವಾದದ್ದು. ಬೆಲ್ಟ್, ಆಯಿಲ್ ಪಂಪ್, ಜಾಲರಿ, ಟರ್ಬೊಗೆ ಆಯಿಲ್ ಒಯ್ಯುವ ಪೈಪು, ಮತ್ತೊಂದು ಟರ್ಬೊ, ಎಲ್ಲವೂ ಆಯಿತು.

ಹಾಗಾಗಿ ‘ಟರ್ಬೊ ಬಾಳುತ್ತದೆಯೇ’ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಇಂಥ ಕಾರುಗಳಲ್ಲಿ ಟರ್ಬೊ ಸಾಮಾನ್ಯವಾಗಿ ಕೊನೆಗೆ ಏಟು ತಿನ್ನುವ ಭಾಗ. ಕೇಳಬೇಕಾದದ್ದು ಆಯಿಲ್ ಬಗ್ಗೆ. ಐದು ವರ್ಷದಲ್ಲಿ 18,000 ಕಿಲೋಮೀಟರ್ ಎಂದರೆ ಹೆಚ್ಚುಕಡಿಮೆ ತಣ್ಣನೆಯ ಓಟವೇ ಇರಬಹುದು. ಹೆದ್ದಾರಿಯಲ್ಲಿ 90,000 ಓಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿದ ಕಾರನ್ನು ನಾನಾದರೆ ಕಣ್ಣುಮುಚ್ಚಿ ಆರಿಸುತ್ತೇನೆ.

ಆಯಿಲ್ ಎಂದರೆ ಬರೀ ಆಯಿಲಿನ ಮಂದತೆ ಹೇಳುವ 5ಡಬ್ಲ್ಯೂ-30 ಎಂಬ ಅಂಕಿ ನೋಡಿ ಕೊಳ್ಳಬೇಡಿ. ಕೈಪಿಡಿ ಹೇಳಿದ ಅಪ್ರೂವಲ್ (ಕಾರು ಕಂಪನಿಯ ಒಪ್ಪಿಗೆಯ ಗುರುತು) ಡಬ್ಬಿಯ ಮೇಲೆ ಇರಬೇಕು, ಆಯಿಲ್‌ನಲ್ಲಿ ಮುಳುಗುವ ಬೆಲ್ಟ್ ಇದ್ದರಂತೂ ಇದರಲ್ಲಿ ರಿಯಾಯಿತಿಯೇ ಇಲ್ಲ. ಇನ್ನೊಂದು ಕಾರಣವೂ ಇದೆ. ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನನ್ನು ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಒತ್ತಿದರೆ, ಆಯಿಲ್ ಮತ್ತು ಪೆಟ್ರೋಲ್ ಬೆರೆತ ಹನಿಗಳು ಸ್ಪಾರ್ಕಿಗೆ ಮೊದಲೇ ಹೊತ್ತಿಕೊಳ್ಳಬಹುದು. ಇದನ್ನು ಎಲ್‌ಎಸ್‌ಪಿಐ (ಲೋ ಸ್ಪೀಡ್ ಪ್ರೀ-ಇಗ್ನಿಷನ್) ಎನ್ನುತ್ತಾರೆ, ಪಿಸ್ಟನ್ ಒಡೆಯುವಷ್ಟು ಜೋರಿನ ಹೊಡೆತ ಅದು. ಆಯಿಲ್‌ಗೆ ಬೆರೆಸುವ ಕ್ಯಾಲ್ಸಿಯಂ ಡಿಟರ್ಜೆಂಟ್ ಇದನ್ನು ಹೆಚ್ಚಿಸುತ್ತದೆಂದು ತಿಳಿದ ಮೇಲೆ ಬಂದ ಗ್ರೇಡುಗಳೇ 2018ರ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಎಸ್‌ಎನ್ ಪ್ಲಸ್ ಮತ್ತು 2020ರ ಎಸ್‌ಪಿ. ಏರಿನಲ್ಲಿ ಐದನೇ ಗೇರಿನಲ್ಲಿ ಮುಲುಗಿಸುವ ಬದಲು ಗೇರ್ ಇಳಿಸಿ. ಕಡಿಮೆ ಆರ್‌ಪಿಎಂ ಎಂದರೆ ಎಂಜಿನ್ನಿಗೆ ಸುಖ ಎಂಬುದು ಈ ಎಂಜಿನ್‌ಗಳಿಗೆ ಹೊಂದುವುದಿಲ್ಲ.

ಆಫ್ ಮಾಡುವ ಮುಂಚೆ ಐಡ್ಲಿಂಗಿನಲ್ಲಿ ಬಿಡಬೇಕೇ ಎಂದೂ ಕೇಳಿದ್ದೀರಿ. ಈಗಿನ ಬಹುಪಾಲು ಟರ್ಬೊಗಳಲ್ಲಿ ಬೇರಿಂಗ್ ಸುತ್ತ ಕೂಲೆಂಟ್ ಹರಿಯುತ್ತದೆ, ಕೆಲವದರಲ್ಲಿ ಎಂಜಿನ್ ನಿಂತ ಮೇಲೂ ಎಲೆಕ್ಟ್ರಿಕ್ ಪಂಪ್ ಓಡುತ್ತದೆ. ಘಟ್ಟ ಹತ್ತಿ ಬಂದಾಗಲೋ ವೇಗವಾಗಿ ಓಡಿಸಿದಾಗಲೋ ಒಂದು ನಿಮಿಷ ಬಿಡಿ, ಸಾಕು.

ನಿಮ್ಮ ಓಡಾಟಕ್ಕೆ ನನ್ನ ಸಲಹೆ ಟರ್ಬೊ ಬೇಡ. ಪೋರ್ಟ್ ಇಂಜೆಕ್ಷನ್ನಿನ, ಅಂದರೆ ಸಿಲಿಂಡರಿನ ಹೊರಗೆ ಗಾಳಿ ಬರುವ ದಾರಿಯಲ್ಲೇ ಪೆಟ್ರೋಲ್ ಚಿಮ್ಮಿಸುವ, ಸಾದಾ ಎಂಜಿನ್ ತೆಗೆದುಕೊಳ್ಳಿ. ಇನ್‌ಟೇಕ್ ವಾಲ್ವ್ ಮೇಲೆ ಪೆಟ್ರೋಲ್ ಬೀಳುವುದರಿಂದ ಅಲ್ಲಿ ಕಾರ್ಬನ್ ಕಟ್ಟುವ ರಗಳೆಯೂ ಅದರಲ್ಲಿ ಕಡಿಮೆ.

ಇದೇ ಕಾರು ಇಷ್ಟವಾಗಿದ್ದರೆ, ಆಯಿಲ್ ಬಿಲ್ಲುಗಳಲ್ಲಿ ಕಿಲೋಮೀಟರ್ ಅಲ್ಲ, ತಾರೀಖು ನೋಡಿ. ಎರಡು ಬಿಲ್ಲಿನ ನಡುವೆ ಎರಡು ವರ್ಷ ಇದ್ದರೆ ಬೇಡ. ಡಿಪ್‌ಸ್ಟಿಕ್ ಮೂಸಿ. ಬೆಲ್ಟ್ ಹೊರಗಿದೆಯೋ ಒಳಗಿದೆಯೋ, ಚೈನೋ, ವಿಚಾರಿಸಿ. ಕೆಲವು ಎಂಜಿನ್‌ಗಳಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಬೆಲ್ಟ್ ಕಣ್ಣಿಗೇ ಬೀಳುತ್ತದೆ, ಬಿರುಕು ಕಂಡರೆ ಅಲ್ಲಿಗೇ ಬಿಡಿ. ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಆಯಿಲ್ ಪ್ರೆಷರ್ ಅಳೆಸಿ, ಸೆನ್ಸರ್ ನಂಬದೆ ಗೇಜ್ ಹಾಕಿಯೇ. ಕೊಂಡರೆ ಮೊದಲ ದಿನವೇ ಸಂಪ್ ಇಳಿಸಿ ಜಾಲರಿ ನೋಡಿಸಿ, ಆಮೇಲೆ ಆರು ತಿಂಗಳಿಗೊಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಕಿಲೋಮೀಟರ್ ಎಷ್ಟೇ ಕಡಿಮೆ ಇರಲಿ.