ಓದುಗರ ಪ್ರಶ್ನೆ, ನಮ್ಮ ಉತ್ತರ: ಬಾಣಂತನಕ್ಕೆ ಹೊರಟವರ ಪೆಟ್ಟಿಗೆಯಲ್ಲಿ ಏನೇನು ಇರಬಹುದು?

ಪ್ರಶ್ನೆ: ಮೆಲ್ಬರ್ನ್‌ನಲ್ಲಿರುವ ಮಗಳ ಬಾಣಂತನಕ್ಕೆ ನಾನೂ ನನ್ನ ಪತ್ನಿಯೂ ಹೊರಟಿದ್ದೇವೆ. ವೀಸಾ ಬಂದಿದೆ. ಅಂಟಿನ ಉಂಡೆ, ಬಾಣಂತಿ ಲೇಹ್ಯ, ಸಾರಿನ ಪುಡಿ, ಪೇಡ, ಹಿತ್ತಲಿನ ಕರಿಬೇವು ಇಷ್ಟನ್ನಾದರೂ ಒಯ್ಯಬೇಕೆಂದು ಪತ್ನಿಯ ಆಸೆ. ಅಲ್ಲಿಗೆ ಹೋಗಿಬಂದ ಪರಿಚಿತರೊಬ್ಬರು, ‘ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಎಲ್ಲದಕ್ಕೂ ಇಲ್ಲ ಎಂದು ಗುರುತು ಹಾಕಿ, ತಪಾಸಣೆ ಇಲ್ಲದೆ ಹೊರಬರಬಹುದು’ ಎನ್ನುತ್ತಾರೆ. ನಾವು ಕೃಷಿಕರು, ಮನೆಯಲ್ಲಿ ದನಕರುಗಳಿವೆ. ನನಗೆ ರಕ್ತದೊತ್ತಡದ ಮಾತ್ರೆ ನಿತ್ಯ ಬೇಕು. ನಾವು ಏನು ಮಾಡಬೇಕು?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಪರಿಚಿತರ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಆ ಕಾರ್ಡು, ಅದು ಕಾಗದದ ರೂಪದಲ್ಲಿರಲಿ ಡಿಜಿಟಲ್ ರೂಪದಲ್ಲಿರಲಿ, ನೀವು ಸಹಿ ಹಾಕಿ ಆಸ್ಟ್ರೇಲಿಯ ಸರ್ಕಾರಕ್ಕೆ ಕೊಡುವ ಕಾನೂನುಬದ್ಧ ಹೇಳಿಕೆ. ಪೆಟ್ಟಿಗೆಯಲ್ಲಿ ಆಹಾರವಿದ್ದೂ ‘ಇಲ್ಲ’ ಎಂದು ಬರೆದದ್ದು ಎಕ್ಸ್‌ರೇ ಯಂತ್ರದಲ್ಲೋ ವಾಸನೆ ಹಿಡಿಯುವ ನಾಯಿಯಿಂದಲೋ ಬಯಲಾದರೆ, 2015ರ ಜೈವಿಕ ಸುರಕ್ಷತಾ ಕಾಯ್ದೆಯಡಿ ಅಲ್ಲಿಯೇ ದಂಡ ವಿಧಿಸುತ್ತಾರೆ. ಆ ದಂಡ ಸಾವಿರಾರು ಡಾಲರ್‌ಗಳಿಗೆ ಏರಬಹುದು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ: ಈ ತಪ್ಪಿಗಾಗಿ ಪ್ರವಾಸಿಗರ ವೀಸಾವನ್ನೇ ರದ್ದುಪಡಿಸಿ ವಿಮಾನ ನಿಲ್ದಾಣದಿಂದಲೇ ಹಿಂದಕ್ಕೆ ಕಳುಹಿಸುವ ಅಧಿಕಾರವನ್ನು 2019ರಿಂದ ಅಧಿಕಾರಿಗಳಿಗೆ ಕೊಡಲಾಗಿದೆ. ಬಾಣಂತನಕ್ಕೆ ಹೋದ ತಾಯಿ ಮಗಳ ಮುಖವನ್ನೂ ನೋಡದೆ ಮರಳಬೇಕಾದ ಸ್ಥಿತಿಯನ್ನು ಒಂದು ಡಬ್ಬಿ ಪೇಡಕ್ಕಾಗಿ ತಂದುಕೊಳ್ಳಬಾರದು.

ಆದುದರಿಂದ ಆಹಾರ, ಸಸ್ಯ, ಬೀಜ, ಔಷಧ ಇವುಗಳ ಬಗೆಗಿನ ಪ್ರಶ್ನೆಗಳಿಗೆ ‘ಹೌದು’ ಎಂದೇ ಬರೆಯಿರಿ. ನಮ್ಮ ಹಿರಿಯರಲ್ಲಿ ಅನೇಕರು ಹಾಗೆ ಬರೆಯುವುದನ್ನು ತಪ್ಪೊಪ್ಪಿಗೆ ಎಂದು ತಿಳಿದು ಹೆದರುತ್ತಾರೆ. ಆದರೆ ವಸ್ತುವನ್ನು ಮೊದಲೇ ಘೋಷಿಸಿದವರಿಗೆ, ಅದು ನಿಷೇಧಿತ ವಸ್ತುವೇ ಆಗಿದ್ದರೂ, ದಂಡವಿಲ್ಲ. ಅಧಿಕಾರಿ ಅದನ್ನು ನೋಡಿ, ಒಯ್ಯಬಹುದಾದರೆ ಹಿಂದಿರುಗಿಸುತ್ತಾರೆ, ಇಲ್ಲವಾದರೆ ತೆಗೆದಿಟ್ಟುಕೊಳ್ಳುತ್ತಾರೆ. ಹೆಚ್ಚೆಂದರೆ ಸ್ವಲ್ಪ ಹೊತ್ತು ಸಾಲಿನಲ್ಲಿ ನಿಲ್ಲಬೇಕಾದೀತು. ಪೆಟ್ಟಿಗೆಯಲ್ಲಿರುವ ತಿನಿಸುಗಳ ಪಟ್ಟಿಯೊಂದನ್ನು ಇಂಗ್ಲಿಷಿನಲ್ಲಿ ಮಗಳಿಂದ ಬರೆಸಿ ಇಟ್ಟುಕೊಂಡರೆ, ಭಾಷೆಯ ತೊಡಕೂ ಇರುವುದಿಲ್ಲ.

ಇನ್ನು ಒಂದೊಂದೇ ವಸ್ತುವಿನ ವಿಚಾರ. ಹಸಿ ಕರಿಬೇವನ್ನು ಒಯ್ಯಲೇಬೇಡಿ. ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದ ಗಿಡವಾದ್ದರಿಂದ, ಆ ಬೆಳೆಗಳಿಗೆ ಗ್ರೀನಿಂಗ್ ಎಂಬ ವಾಸಿಯಾಗದ ರೋಗವನ್ನು ಹರಡುವ ಸಿಲ್ಲಿಡ್ ಎಂಬ ಪುಟ್ಟ ಕೀಟ ಅದರ ಎಲೆಯ ಮೇಲೂ ಬಾಳುತ್ತದೆ. ಕೊಡಗಿನ ಕಿತ್ತಳೆ ತೋಟಗಳು ಸೊರಗಿದ್ದಕ್ಕೆ ಕಾರಣವಾದ ರೋಗಗಳಲ್ಲಿ ಗ್ರೀನಿಂಗ್ ಕೂಡ ಒಂದು. ಆಸ್ಟ್ರೇಲಿಯದಲ್ಲಿ ಆ ರೋಗ ಇಲ್ಲ, ಅದು ಬರದಂತೆ ಅವರು ಕಾಯುತ್ತಿದ್ದಾರೆ. ಮೆಲ್ಬರ್ನ್‌ನ ಭಾರತೀಯ ಅಂಗಡಿಗಳಲ್ಲಿ ಕರಿಬೇವು ಸಿಗುತ್ತದೆ.

ಪೇಡವನ್ನೂ ಇಲ್ಲಿಯೇ ಬಿಡಿ. ಪೇಡ, ಬರ್ಫಿ, ಗುಲಾಬ್ ಜಾಮೂನು, ರಸಗುಲ್ಲ ಮೊದಲಾದ ಹಾಲಿನ ಸಿಹಿಗಳನ್ನು ಭಾರತದಿಂದ ತರುವಂತಿಲ್ಲ. ಇದಕ್ಕೆ ಕಾರಣ ಕಾಲುಬಾಯಿ ಜ್ವರ. ದನಕರು ಸಾಕಿರುವ ನಿಮಗೆ ಆ ರೋಗದ ಸಂಕಟವನ್ನು ವಿವರಿಸಬೇಕಾಗಿಲ್ಲ. ಅದರ ವೈರಾಣು ಹಾಲಿನ ಪದಾರ್ಥಗಳ ಮೂಲಕ ಹರಡಬಲ್ಲದು. ಆಸ್ಟ್ರೇಲಿಯದಲ್ಲಿ ಅದು ಕೊನೆಯ ಬಾರಿ ಕಾಣಿಸಿಕೊಂಡದ್ದು 1872ರಲ್ಲಿ. 2022ರಲ್ಲಿ ನೆರೆಯ ಇಂಡೊನೇಷ್ಯದಲ್ಲಿ ಅದು ಹಬ್ಬಿದಾಗ, ಅಲ್ಲಿಂದ ಬಂದ ಪ್ರಯಾಣಿಕರು ಪಾದರಕ್ಷೆಗಳನ್ನು ಸೋಂಕುನಿವಾರಕದಲ್ಲಿ ನೆನೆಸಿದ ಚಾಪೆಯ ಮೇಲೆ ಒರೆಸಿ ಒಳಗೆ ಬರುವ ವ್ಯವಸ್ಥೆ ಮಾಡಿದ್ದರು.

ಕಾರ್ಡಿನಲ್ಲಿ ನಿಮಗೆ ನೇರವಾಗಿ ಅನ್ವಯಿಸುವ ಮತ್ತೊಂದು ಪ್ರಶ್ನೆ ಇದೇ ಕಾರಣಕ್ಕೆ ಇದೆ: ಕಳೆದ 30 ದಿನಗಳಲ್ಲಿ ಜಮೀನು, ಸಾಕುಪ್ರಾಣಿಗಳ ಸಂಪರ್ಕಕ್ಕೆ ಬಂದಿದ್ದೀರಾ ಎಂದು ಕೇಳುತ್ತಾರೆ. ಅದಕ್ಕೂ ‘ಹೌದು’ ಎನ್ನಿ. ಕೊಟ್ಟಿಗೆಗೆ, ತೋಟಕ್ಕೆ ಮೆಟ್ಟಿದ ಚಪ್ಪಲಿಯನ್ನು ಒಯ್ಯದೆ, ಬೇರೆ ಪಾದರಕ್ಷೆಗಳನ್ನು ಅಟ್ಟೆಯ ಸಂದಿನಲ್ಲಿಯೂ ಮಣ್ಣು ಉಳಿಯದಂತೆ ತೊಳೆದು ಒಣಗಿಸಿ ಇಟ್ಟುಕೊಳ್ಳಿ.

ಸಾರಿನ ಪುಡಿ, ಲೇಹ್ಯಗಳನ್ನು ಘೋಷಿಸಿ ತೋರಿಸಿ, ಅಧಿಕಾರಿಯ ತೀರ್ಮಾನಕ್ಕೆ ಬಿಡಬೇಕು. ಆಸ್ಟ್ರೇಲಿಯದ ಕೃಷಿ ಇಲಾಖೆಯ ‘ಬೈಕಾನ್’ ಎಂಬ ಜಾಲತಾಣದಲ್ಲಿ ಪ್ರತಿ ಪದಾರ್ಥದ ನಿಯಮವೂ ಇದೆ. ಹೊರಡುವ ವಾರ ಮಗಳು ಒಮ್ಮೆ ನೋಡಲಿ. ಅಂಟಿನ ಉಂಡೆಗೆ ತುಪ್ಪ ಬೀಳುವುದರಿಂದ ನನ್ನ ಸಲಹೆ, ಅಂಟು, ಕೊಬ್ಬರಿ, ಉತ್ತುತ್ತೆಗಳನ್ನು ಅಲ್ಲಿಯ ಅಂಗಡಿಯಲ್ಲಿ ಕೊಂಡು ಮಗಳ ಅಡುಗೆಮನೆಯಲ್ಲಿಯೇ ಉಂಡೆ ಕಟ್ಟುವುದು. ಬಾಣಂತಿಗೆ ಬಿಸಿಯದೂ ಸಿಕ್ಕಂತಾಯಿತು.

ಮಾತ್ರೆಗಳನ್ನು ಸ್ವಂತ ಬಳಕೆಗೆ ಮೂರು ತಿಂಗಳಿಗಾಗುವಷ್ಟು ಒಯ್ಯಬಹುದು. ಅವು ಕೊಂಡ ಪೊಟ್ಟಣದಲ್ಲಿಯೇ ಇರಲಿ, ಜೊತೆಗೆ ಔಷಧದ ಹೆಸರು ಮತ್ತು ಪ್ರಮಾಣ ಬರೆದ ವೈದ್ಯರ ಚೀಟಿ ಇಂಗ್ಲಿಷಿನಲ್ಲಿರಲಿ. ಎರಡನ್ನೂ ಕೈಚೀಲದಲ್ಲಿಯೇ ಇಟ್ಟುಕೊಳ್ಳಿ. ನಗದು 10,000 ಆಸ್ಟ್ರೇಲಿಯನ್ ಡಾಲರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನೂ ಘೋಷಿಸಬೇಕು.

ಪ್ರಶ್ನೆ: ಗೆಳೆಯರೊಂದಿಗೆ ಕೀನ್ಯಾದ ಮಸಾಯಿ ಮಾರಾಕ್ಕೆ ಹೋಗುವವನಿದ್ದೇನೆ. ಹಳದಿ ಜ್ವರದ ಲಸಿಕೆ ಕಡ್ಡಾಯವೇ? ಹೊರಡುವ ಹಿಂದಿನ ದಿನ ಹಾಕಿಸಿಕೊಂಡರೆ ಸಾಲದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹಿಂದಿನ ದಿನ ಹಾಕಿಸಿಕೊಂಡರೆ ಸಾಲದು. ಲಸಿಕೆ ಪಡೆದ 10 ದಿನಗಳ ನಂತರವೇ ಪ್ರಮಾಣಪತ್ರಕ್ಕೆ ಮಾನ್ಯತೆ ಬರುತ್ತದೆ. ಕೀನ್ಯಾಕ್ಕೆ ಈಗ ವೀಸಾ ಬೇಕಿಲ್ಲ. 2024ರ ಜನವರಿಯಿಂದ ಅದರ ಬದಲಿಗೆ ಆನ್‌ಲೈನ್ ಪ್ರಯಾಣ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕು. ಆದರೆ ಲಸಿಕೆಯ ವಿಷಯದಲ್ಲಿ ನಿಮ್ಮನ್ನು ಕಟ್ಟುನಿಟ್ಟಾಗಿ ಪ್ರಶ್ನಿಸುವುದು ನೀವು ಮರಳಿದಾಗ ನಮ್ಮದೇ ದೇಶದ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಹಳದಿ ಜ್ವರವಿರುವ ದೇಶದಿಂದ ಮಾನ್ಯ ಪ್ರಮಾಣಪತ್ರವಿಲ್ಲದೆ ಬಂದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಭಾರತದಲ್ಲಿ ಈ ರೋಗವಿಲ್ಲ, ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ನಮ್ಮ ಊರುಗಳಲ್ಲಿ ತುಂಬಿದೆ. ಡೆಂಗಿಯನ್ನು ಹರಡುವುದೂ ಅದೇ ಸೊಳ್ಳೆ. ಆದ್ದರಿಂದ ಈ ಎಚ್ಚರಿಕೆಯನ್ನು ಕಿರುಕುಳವೆಂದು ಭಾವಿಸಬಾರದು.

ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಪಡೆದ ಲಸಿಕೆಗೆ ಮಾತ್ರ ಮಾನ್ಯತೆ ಇದೆ. ಕೇಂದ್ರದಲ್ಲಿ ದಿನ ಗೊತ್ತುಪಡಿಸಿಕೊಂಡು, ಪಾಸ್‌ಪೋರ್ಟಿನೊಂದಿಗೆ ಒಂದು ತಿಂಗಳು ಮೊದಲೇ ಹೋಗಿ. ಇದು ಕೋಳಿಮೊಟ್ಟೆಯಲ್ಲಿ ಬೆಳೆಸಿದ ಜೀವಂತ ವೈರಾಣುವಿನ ಲಸಿಕೆಯಾದ್ದರಿಂದ ಮೊಟ್ಟೆಯ ಅಲರ್ಜಿ ಇದ್ದರೆ, ರೋಗನಿರೋಧಕ ಶಕ್ತಿ ಕುಂದಿದ್ದರೆ ಅಥವಾ ವಯಸ್ಸು 60 ದಾಟಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಒಮ್ಮೆ ಪಡೆದ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ. ಹತ್ತು ವರ್ಷಗಳ ಮಿತಿಯನ್ನು 2016ರ ಜುಲೈ 11ರಿಂದ ತೆಗೆದುಹಾಕಲಾಗಿದೆ.

ಪ್ರಶ್ನೆ: ನನ್ನ ಆಸ್ಟ್ರೇಲಿಯ ವೀಸಾಕ್ಕೆ ಒಂದು ವರ್ಷದ ಅವಧಿ ಇದೆ. ಹಾಗಾದರೆ ಮಗನ ಮನೆಯಲ್ಲಿ ವರ್ಷವಿಡೀ ಇರಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ವೀಸಾ ಪತ್ರದಲ್ಲಿ ಪ್ರವೇಶಿಸಲು ಕೊನೆಯ ದಿನಾಂಕ ಮತ್ತು ಪ್ರತಿ ಬಾರಿ ತಂಗಬಹುದಾದ ಅವಧಿ ಎಂದು ಎರಡು ಬೇರೆ ಬೇರೆ ಸಾಲುಗಳಿರುತ್ತವೆ. ಎರಡನೆಯ ಸಾಲಿನಲ್ಲಿ ಮೂರು ತಿಂಗಳು ಎಂದಿದ್ದರೆ, ಕಾಲಿಟ್ಟ ದಿನದಿಂದ ಮೂರು ತಿಂಗಳೊಳಗೆ ಹೊರಡಲೇಬೇಕು. ಅದೇ ಪತ್ರದಲ್ಲಿ 8503 ಎಂಬ ಷರತ್ತಿನ ಸಂಖ್ಯೆ ಇದೆಯೇ ನೋಡಿಕೊಳ್ಳಿ. ಇದ್ದರೆ, ಅಲ್ಲಿದ್ದುಕೊಂಡೇ ಬೇರೆ ವೀಸಾಕ್ಕೆ ಅರ್ಜಿ ಹಾಕಲು, ಬಹಳ ಸೀಮಿತವಾದ ವಿನಾಯಿತಿಗಳನ್ನು ಬಿಟ್ಟರೆ, ಅವಕಾಶವಿರುವುದಿಲ್ಲ.