ಕಾದು ನೋಡೋದೂ ಒಂದು ತೀರ್ಮಾನಾನೇ

ಮಗುಗೆ ವರ್ಷ ತುಂಬಿದೆ, ಎಂಎಂಆರ್, ಅಂದ್ರೆ ದಡಾರ, ಮಂಗನಬಾವು, ರುಬೆಲ್ಲಾ ತಡೆಯೋ ಲಸಿಕೆ, ಹಾಕಿಸ್ಬೇಕು, ಆದ್ರೆ ನಿಮ್ಮ ಅಕ್ಕನ ಮಗನಿಗೆ ಅದೇ ಇಂಜೆಕ್ಷನ್ ಆದ ವಾರಕ್ಕೆ ಜ್ವರ ಬಂದು ಫಿಟ್ಸ್ ಆಗಿತ್ತು, ಅದಕ್ಕೇ ಯಜಮಾನ್ರು ಒಂದೂವರೆ ವರ್ಷ ಆಗ್ಲಿ ತಡಿ ಅಂತಿದಾರೆ, ‘ನೂರಕ್ಕೆ ನೂರು ಸೇಫ್ ಅಂತ ನೀವಾದ್ರೂ ಬರ್ದುಕೊಡಿ’ ಅಂತ ಕೇಳಿದೀರ. ಬರ್ದುಕೊಡಕ್ಕಾಗಲ್ಲ. ಯಾರಾದ್ರೂ ಬರ್ದುಕೊಟ್ರೆ ಅವ್ರನ್ನ ನಂಬಲೂ ಬೇಡಿ.

ಈ ಲಸಿಕೆಯಿಂದ ಜ್ವರದ ಫಿಟ್ಸ್ ಬರೋದುಂಟು, ಸುಮಾರು 3,000ದಿಂದ 4,000 ಡೋಸ್‌ಗೆ ಒಂದು. ನೋಡೋರಿಗೆ ಜೀವ ಬಾಯಿಗೆ ಬರತ್ತೆ, ಆದ್ರೆ ಸಾಮಾನ್ಯವಾಗಿ ಮಗುಗೆ ಶಾಶ್ವತ ತೊಂದ್ರೆ ಏನೂ ಉಳಿಯಲ್ಲ. ದಡಾರ ಬಂದ್ರೆ ಸಾವಿರದಲ್ಲಿ ಸುಮಾರು ಒಂದು ಮಗುಗೆ ಮೆದುಳೇ ಬಾತ್ಕೊಳತ್ತೆ, ಒಂದರಿಂದ ಮೂರು ಮಕ್ಕಳು ಸಾಯ್ತಾರೆ.

‘ಬಂದ್ರೆ ತಾನೇ?’ ಅಂತೀರ. ನ್ಯಾಯವಾದ ಪ್ರಶ್ನೆ, ಅದನ್ನ ಮುಂಚೆನೇ ಹೇಳೋರು ಯಾರೂ ಇಲ್ಲ. ಸುತ್ತ ನೂರಕ್ಕೆ 95 ಜನ ಹಾಕಿಸ್ಕೊಂಡಿದ್ರೆ ಬರೋದು ಕಷ್ಟ, ಅದು ಇಳೀತು ಅಂದ್ರೆ ಕಥೆನೇ ಬೇರೆ, ಯಾಕಂದ್ರೆ ರೋಗಿ ಎದ್ದುಹೋದ್ಮೇಲೂ ಆ ರೂಮಿನ ಗಾಳೀಲಿ ವೈರಸ್ ಎರಡು ಗಂಟೆ ತನಕ ಇರಬಹುದು, ಲಸಿಕೆ ಆಗದೇ ಇರೋ ಹತ್ತು ಜನ ರೋಗಿ ಹತ್ರ ಇದ್ರೆ ಒಂಬತ್ತು ಜನಕ್ಕೆ ಅಂಟತ್ತೆ.

ಇಷ್ಟಾದ್ರೂ ಮನಸ್ಸು ಒಪ್ಪಲ್ಲ, ಗೊತ್ತು. 1990ರಲ್ಲಿ ರಿಟೊವ್ ಮತ್ತು ಬ್ಯಾರನ್ ಅನ್ನೋ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದ್ರು: ಲಸಿಕೆಯಿಂದ ಸಾಯೋ ಸಾಧ್ಯತೆ ರೋಗದ್ದಕ್ಕಿಂತ ಕಮ್ಮಿ ಅಂತ ಹೇಳಿದ್ರೂ ತುಂಬಾ ಜನ ಹಾಕ್ಸಲ್ಲ ಅಂದ್ರು. ನಮ್ಮ ಕೈಯಾರೆ ಆಗೋ ಕೆಡುಕು ತನ್ನಷ್ಟಕ್ಕೆ ಆಗೋದಕ್ಕಿಂತ ದೊಡ್ಡದಾಗಿ ಕಾಣತ್ತೆ. ಆದ್ರೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ನಾಲ್ಕು ವರ್ಷದ ಮಗನ್ನ ಸಿಡುಬಿಗೆ ಕಳ್ಕೊಂಡ, ಆಗಿನ ಕಾಲದ ಸಿಡುಬಿನ ಚುಚ್ಚುಮದ್ದು ಹಾಕಿಸಿರ್ಲಿಲ್ಲ, ಕೊನೇವರೆಗೂ ಕೊರಗಿದ. ಅವನು ಮಾಡಿದ್ದು ಏನೂ ಇಲ್ಲ, ಆದ್ರೂ ಕೊರಗು ಬಿಡ್ಲಿಲ್ಲ.

ಯಜಮಾನ್ರಿಗೆ ಇದೊಂದು ತೋರ್ಸಿ: ಸುಮಾರು 15 ತಿಂಗಳು ದಾಟಿ ಎರಡು ವರ್ಷದೊಳಗೆ ಹಾಕ್ಸಿದ್ರೆ ಆ ಫಿಟ್ಸ್ ಸಾಧ್ಯತೆ ಇನ್ನೂ ಜಾಸ್ತಿನೇ ಆಗತ್ತೆ ಅಂತ ಅಧ್ಯಯನಗಳಲ್ಲಿ ಕಂಡಿದೆ. ಹೆದರಿ ಮುಂದೂಡೋದು, ಹೆದರಿದ್ದನ್ನೇ ಹತ್ರ ಕರ್ದಂಗೆ!

ಡಾಕ್ಟ್ರಿಗೆ ಅಕ್ಕನ ಮಗನ ವಿಷಯ ಮುಚ್ಚಿಡದೆ ಹೇಳಿ. ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ಫಿಟ್ಸ್ ಇದ್ಯಾ ಅನ್ನೋದನ್ನೂ ಹೇಳಿ, ಎಂಎಂಆರ್ ಜೊತೆ ಚಿಕನ್‌ಪಾಕ್ಸ್ ಲಸಿಕೆನೂ ಸೇರಿರೋ ಇಂಜೆಕ್ಷನ್ ಬದ್ಲು ಎರಡೂ ಬೇರೆ ಬೇರೆ ಕೊಡ್ತೀರಾ ಕೇಳಿ, ಸೇರಿರೋದ್ರಲ್ಲಿ ಫಿಟ್ಸ್ ಸ್ವಲ್ಪ ಜಾಸ್ತಿ. ಜ್ವರ ಬರೋದಿದ್ರೆ ಹೆಚ್ಚಾಗಿ ಇಂಜೆಕ್ಷನ್ ಆಗಿ ಒಂದು ವಾರದಿಂದ ಎರಡು ವಾರದೊಳಗೆ. ಅಕಸ್ಮಾತ್ ಫಿಟ್ಸ್ ಬಂದ್ರೆ ಮಗುನ ಮಗ್ಗುಲಾಗಿ ಮಲಗ್ಸಿ, ಬಾಯಿಗೆ ಏನೂ ಇಡ್ಬೇಡಿ, ಐದು ನಿಮಿಷಕ್ಕೂ ನಿಲ್ಲದಿದ್ರೆ ತಕ್ಷಣ ಆಂಬುಲೆನ್ಸ್ ಕರೀರಿ, ನಿಂತ್ರೂ ಡಾಕ್ಟ್ರಿಗೆ ತೋರ್ಸಿ.