ಅಮೆರಿಕದಲ್ಲಿ ಬಿ ಫಾರಂ ಕೊಡೋರು ಯಾರು?

ಇಲ್ಲಿ ಟೀವಿ ಹಾಕಿದರೆ ದಿನವಿಡೀ ಟ್ರಂಪ್ ಒಬ್ಬರದೇ ಮುಖ, ವಿದೇಶಾಂಗ ನೀತಿಯೂ ಅವರ ಮೂಡಿನ ಮೇಲೇ ನಡೆಯುತ್ತಾ, ಹಾಗಾದರೆ ನನ್ನ ವೀಸಾ ಗತಿ ಏನು ಅಂತ ಕೇಳಿದ್ದೀರಿ. ಅರ್ಧ ನಿಜ. ಎಚ್‌-1ಬಿ ಕೆಲಸದ ವೀಸಾದಲ್ಲಿ ಈಗಷ್ಟೇ ಬಂದಿಳಿದವರು ಆ ಅರ್ಧ ಯಾವುದು ಅಂತ ತಿಳಿದುಕೊಳ್ಳಲೇಬೇಕು.

ನಮ್ಮೂರಲ್ಲಿ ಎಂಥ ದೊಡ್ಡ ಸ್ಟಾರ್ ಆದರೂ ಪಕ್ಷದ ಚಿಹ್ನೆ ಸಿಗಬೇಕಾದರೆ ಹೈಕಮಾಂಡ್ ಬಿ ಫಾರಂ ಕೊಡಬೇಕು. ಇಲ್ಲಿ ಆ ಫಾರಂ ಇಲ್ಲ. ಬಹುತೇಕ ರಾಜ್ಯಗಳಲ್ಲಿ ಪ್ರೈಮರಿ ಅಂತ ಪಕ್ಷದೊಳಗಿನ ಚುನಾವಣೆ ನಡೆಯುತ್ತೆ, ಅದರಲ್ಲಿ ಗೆದ್ದವರೇ ಅಭ್ಯರ್ಥಿ. ಮುಖಂಡರಿಗೆ ಇಷ್ಟವಿರಲಿ ಬಿಡಲಿ. ಅಧ್ಯಕ್ಷ ಸ್ಥಾನಕ್ಕೂ 1972ರಿಂದ ಇದೇ ದಾರಿ. ಪ್ರೈಮರಿಗೆ ಬಂದು ಮತ ಹಾಕುವವರು ಕಮ್ಮಿ. ಸ್ಪರ್ಧಿಗಳೆಲ್ಲ ಒಂದೇ ಪಕ್ಷದವರಾದ್ದರಿಂದ ಪಕ್ಷ ನೋಡಿ ಆರಿಸುವಂತೆಯೂ ಇಲ್ಲ. ಕೈ ಹೋಗುವುದು ಕೇಳಿ ಗೊತ್ತಿರುವ ಹೆಸರಿನ ಕಡೆಗೇ.

2015ರ ಆಗಸ್ಟ್‌ನಲ್ಲಿ ರಿಪಬ್ಲಿಕನ್ ಪಕ್ಷದಲ್ಲಿ 17 ಮಂದಿ ಕಣದಲ್ಲಿದ್ದರು. ಮೊದಲ ಟೀವಿ ಚರ್ಚೆಗೆ ಸಮೀಕ್ಷೆಗಳ ಸರಾಸರಿ ನೋಡಿ 10 ಮಂದಿಯನ್ನು ದೊಡ್ಡ ವೇದಿಕೆಗೆ ಕರೆದರು, ಉಳಿದ 7 ಮಂದಿಗೆ ಸಂಜೆ 5ಕ್ಕೇ ಬೇರೆ ಚರ್ಚೆ ನಡೆಸಿದರು. ಸಮೀಕ್ಷೆಯಲ್ಲಿ ಮುಂದಿದ್ದವರಿಗೆ ನಟ್ಟನಡುವಿನ ಜಾಗ. ಚುನಾವಣೆಗೆ ಅಷ್ಟು ಮೊದಲು ಸಮೀಕ್ಷೆ ಅಂದರೆ ಹೆಸರು ಗೊತ್ತಾ ಅನ್ನುವುದಷ್ಟೇ. 2004ರಿಂದ ರಿಯಾಲಿಟಿ ಶೋ ನಡೆಸಿದ್ದ ಟ್ರಂಪ್‌ಗೆ ಆ ನಡುವಿನ ಜಾಗ ಸಿಕ್ಕಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಹಾಗಂತ ಮುಖ ಕಂಡಲ್ಲೆಲ್ಲ ಗೆಲುವಿಲ್ಲ. 2022ರಲ್ಲಿ ಟೀವಿ ಡಾಕ್ಟರ್ ಮೆಹ್ಮೆಟ್ ಓಜ್ ಪೆನ್ಸಿಲ್ವೇನಿಯಾದಲ್ಲಿ, ಅಮೆರಿಕನ್ ಫುಟ್‌ಬಾಲ್ ಆಟಗಾರ ಹರ್ಶೆಲ್ ವಾಕರ್ ಜಾರ್ಜಿಯಾದಲ್ಲಿ ಪ್ರೈಮರಿ ಗೆದ್ದು ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಚುನಾವಣೆಯಲ್ಲಿ ಸೋತರು. ಹೆಸರಿಲ್ಲದವರು ದುಡ್ಡು ಹಾಕಿ ಹೆಸರು ಮಾಡಿಕೊಳ್ಳುವುದೂ ಉಂಟು: ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2018ರಲ್ಲಿ ಸ್ವಂತ ದುಡ್ಡಿನ ಜಾಹೀರಾತು ಸುರಿದು ಮಿಷಿಗನ್ ಗವರ್ನರ್ ಪ್ರೈಮರಿಯಲ್ಲಿ ಸೋತರು, ಆಮೇಲೆ ಡೆಟ್ರಾಯಿಟ್ ಕಡೆಯಿಂದ ಕಾಂಗ್ರೆಸ್‌ಗೆ, ಅಂದರೆ ಇಲ್ಲಿನ ಸಂಸತ್ತಿಗೆ ಹೋದರು.

ವಿದೇಶಾಂಗ ನೀತಿಯಲ್ಲಿ ವ್ಯಕ್ತಿಯ ತೂಕ ಇನ್ನೂ ಜಾಸ್ತಿ. ಒಪ್ಪಂದಕ್ಕೆ ಸೆನೆಟ್‌ನ ಮೂರನೇ ಎರಡು ಭಾಗದ ಬೆಂಬಲ ಬೇಕು, ಅದು ಸಿಗುವುದು ಕಷ್ಟ ಅಂತ ಅಧ್ಯಕ್ಷರು ತಮ್ಮ ಅಧಿಕಾರದಲ್ಲೇ ಕೆಲಸ ಮುಗಿಸುತ್ತಾರೆ. ಅದನ್ನು ಮುಂದೆ ಬಂದವರು ಒಂದು ಸಹಿಯಲ್ಲಿ ಕಿತ್ತುಹಾಕಬಹುದು. 2015ರ ಇರಾನ್ ಅಣು ಒಪ್ಪಂದ 2018ರಲ್ಲಿ ಹೋದದ್ದು ಹೀಗೆ. ಆದರೆ ನಾಯಕರ ಸ್ನೇಹವನ್ನು ನೀತಿ ಅಂತ ನಂಬಬೇಡಿ. 2019ರ ಜೂನ್‌ನಲ್ಲಿ ಭಾರತಕ್ಕಿದ್ದ ಜಿಎಸ್‌ಪಿ ಸುಂಕ ರಿಯಾಯಿತಿ ರದ್ದಾಯಿತು. ಸೆಪ್ಟೆಂಬರ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಸುಮಾರು 50,000 ಜನರೆದುರು ಮೋದಿ, ಟ್ರಂಪ್ ಕೈ ಹಿಡಿದು ನಡೆದರು. ರಿಯಾಯಿತಿ ವಾಪಸ್ ಬರಲಿಲ್ಲ.

ಇನ್ನು ವೀಸಾ. ಎಚ್‌-1ಬಿಯ ವರ್ಷಕ್ಕೆ 65,000, ಜೊತೆಗೆ ಇಲ್ಲಿ ಮಾಸ್ಟರ್ಸ್ ಮಾಡಿದವರಿಗೆ 20,000 ಮಿತಿ, ಗ್ರೀನ್‌ಕಾರ್ಡ್‌ನಲ್ಲಿ ದೇಶಕ್ಕೆ 7 ಶೇಕಡಾ ಮಿತಿ ಕಾನೂನಿನಲ್ಲಿವೆ, ಕಾಂಗ್ರೆಸ್ ಮಾತ್ರ ಬದಲಿಸಬಲ್ಲದು. ಅಧ್ಯಕ್ಷರು ಘೋಷಣೆಯಿಂದ ಬಿಗಿ ಮಾಡುವುದು ಮಾತ್ರ ಬೇರೆ ಆಟ. 2025ರ ಸೆಪ್ಟೆಂಬರ್ 19ರ ಶುಕ್ರವಾರ ಎಚ್‌-1ಬಿಗೆ 1,00,000 ಡಾಲರ್ ಶುಲ್ಕ ಪ್ರಕಟವಾದಾಗ ಅದು ಪ್ರತಿ ವರ್ಷದ್ದು ಅಂತ ವಾಣಿಜ್ಯ ಸಚಿವರು ಹೇಳಿದರು, ಊರಿಗೆ ಹೋಗಿದ್ದವರು ಭಾನುವಾರದೊಳಗೆ ಹಿಂತಿರುಗಲು ಒದ್ದಾಡಿದರು. ಶನಿವಾರ ಸ್ಪಷ್ಟೀಕರಣ ಬಂತು: ಒಮ್ಮೆ ಮಾತ್ರ, ಹೊಸ ಅರ್ಜಿಗೆ ಮಾತ್ರ, ಈಗಾಗಲೇ ವೀಸಾ ಇದ್ದವರಿಗೆ ಅಲ್ಲ.

ಹಾಗಾಗಿ ಸುದ್ದಿ ಬಂದ ಕೂಡಲೇ ಟಿಕೆಟ್ ಬುಕ್ ಮಾಡಬೇಡಿ, ರದ್ದೂ ಮಾಡಬೇಡಿ. ಶ್ವೇತಭವನದ ಸೈಟಿನಲ್ಲಿ ಮೂಲ ಪಠ್ಯ ತೆಗೆದು ಎರಡೇ ಸಾಲು ಹುಡುಕಿ: ಯಾವ ತಾರೀಖಿನಿಂದ, ಯಾರಿಗೆ. ನಂತರ ವಲಸೆ ಅರ್ಜಿ ನೋಡುವ ಇಲಾಖೆ ಯುಎಸ್‌ಸಿಐಎಸ್‌ನ ಮೆಮೊ, ಆಮೇಲೆ ಕಂಪನಿಯ ವಕೀಲರು. ವಾಟ್ಸಾಪ್ ಗುಂಪು ಕೊನೆಗೆ, ಅದೂ ಬೇಸರ ಕಳೆಯಲು.

ರಾಜಕೀಯ ಹಿಡಿಸಿದರೆ ಸಂಬಳವಿಲ್ಲದ ಸ್ವಯಂಸೇವಕರಾಗಬಹುದು, ಆದರೆ ಗ್ರೀನ್‌ಕಾರ್ಡ್ ಬರುವವರೆಗೆ ಯಾವ ಅಭ್ಯರ್ಥಿಗೂ ಒಂದು ಡಾಲರ್ ದೇಣಿಗೆ ಕೊಡುವಂತಿಲ್ಲ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ಪಟ್ಟಿಗೆ ಹೆಸರು ಸೇರಿಸಲಾ ಅಂತ ಕೇಳುತ್ತಾರೆ. ಕ್ಯೂನ ಗಡಿಬಿಡಿಯಲ್ಲಿ ಹೂಂ ಅಂದುಬಿಟ್ಟರೆ ಮುಂದೆ ಗ್ರೀನ್‌ಕಾರ್ಡ್‌ಗೇ ಕುತ್ತು. ಪ್ರಜೆ ಹೌದೇ ಅನ್ನುವ ಕಡೆ ಅಲ್ಲ ಅಂತ ಗುರುತು ಹಾಕಿ, ಸಹಿ ಮಾಡುವ ಮೊದಲು ಆ ಪುಟ ಮತ್ತೊಮ್ಮೆ ಓದಿ, ಒಂದು ಪ್ರತಿ ಇಟ್ಟುಕೊಳ್ಳಿ.